ಕೋಡಿಂಗ್ ಕಲಿಯೋಕೆ ಮುಂಚೆ ಎಲ್ಲರೂ ಕೇಳೋ ಪ್ರಶ್ನೆಗಳು: ದುಡ್ಡು ಕಟ್ಟೋ ಮೊದಲು 30 ದಿನ

 

ನಾನು ವೆಬ್‌ಸೈಟ್ ಕಟ್ಟೋ ಕೆಲಸ ಮಾಡ್ತೀನಿ. ಭಾನುವಾರ ಬೆಳಗ್ಗೆ ಒಂದಷ್ಟು ಹೊಸಬರಿಗೆ ಪಾಠ ಹೇಳ್ತೀನಿ. ಬರೋರಲ್ಲಿ ಇಂಜಿನಿಯರಿಂಗ್ ಓದಿದವರಿದ್ದಾರೆ, ಬಿಕಾಂ ಮುಗಿಸಿದವರಿದ್ದಾರೆ, ಮದುವೆಯಾಗಿ ಮಗು ಶಾಲೆಗೆ ಹೋಗೋಕೆ ಶುರುವಾದ ಮೇಲೆ ಮತ್ತೆ ಕೆಲಸ ಹುಡುಕ್ತಿರೋರೂ ಇದ್ದಾರೆ. ಹಿನ್ನೆಲೆ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಒಂದೇ. ಇವತ್ತು ಅವನ್ನೇ ಒಂದೊಂದಾಗಿ ತಗೊಳ್ತೀನಿ. ನನ್ನ ಉತ್ತರ ಕೇಳಿ ಸುಮ್ಮನೆ ನಂಬಬೇಡಿ. ಸಾಧ್ಯವಾದ ಕಡೆಯೆಲ್ಲ ನೀವೇ ಮಾಡಿ ನೋಡೋಕೆ ಒಂದು ಚಿಕ್ಕ ಪ್ರಯೋಗ ಹೇಳ್ತೀನಿ. ಎಲ್ಲವೂ ಉಚಿತ.

ಮೊದಲನೇ ಪ್ರಶ್ನೆ, "ಯಾವ ಭಾಷೆಯಿಂದ ಶುರು ಮಾಡ್ಲಿ? ಪೈಥಾನಾ, ಜಾವಾಸ್ಕ್ರಿಪ್ಟಾ?"

ಒಂದು ಬೇಕರಿ ಬಿಲ್ ಮಾಡೋಣ. ಪಫ್ಸ್ 20 ರೂಪಾಯಿ, ಪಾರ್ಸಲ್‌ಗೆ 5 ರೂಪಾಯಿ. ಪಫ್ಸ್ ಬೆಲೆಯನ್ನ ಗಿರಾಕಿ ಫಾರ್ಮ್‌ನಲ್ಲಿ ಟೈಪ್ ಮಾಡ್ತಾರೆ, ಪಾರ್ಸಲ್‌ನ 5 ನೀವು ಕೋಡ್‌ನಲ್ಲೇ ಬರೆದಿದ್ದೀರಿ. ಎರಡನ್ನೂ ಕೂಡಿಸಿದರೆ 25 ಬರಬೇಕು ತಾನೆ? ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿದರೆ 205 ಅಂತ ಬರುತ್ತೆ. ಯಾಕಂದ್ರೆ ಫಾರ್ಮ್‌ನಲ್ಲಿ ಟೈಪ್ ಮಾಡಿದ 20 ಅದಕ್ಕೆ ಸಂಖ್ಯೆ ಅಲ್ಲ, ಬರಹ. ಬರಹದ ಪಕ್ಕ 5 ಅನ್ನ ಅಂಟಿಸಿಬಿಡ್ತು. ಬೇರೇನೂ ಹೇಳಲ್ಲ, ಸುಮ್ಮನೆ 205 ತೋರಿಸುತ್ತೆ. ಇದನ್ನೇ ಪೈಥಾನ್‌ನಲ್ಲಿ ಮಾಡಿದರೆ ಅದು ಕೂಡಿಸೋಕೇ ಒಪ್ಪಲ್ಲ. 'ಟೈಪ್ ಎರರ್' ಅಂತ ಹೇಳಿ ನಿಂತುಬಿಡುತ್ತೆ.

ಯಾವುದು ಒಳ್ಳೇದು ಅನ್ನೋದು ನಿಮಗೆ ಏನು ಬೇಕು ಅನ್ನೋದರ ಮೇಲಿದೆ. ಬ್ರೌಸರ್‌ನಲ್ಲಿ ಕಾಣೋದನ್ನ ಕಟ್ಟಬೇಕು ಅಂದ್ರೆ ಜಾವಾಸ್ಕ್ರಿಪ್ಟ್ ಕಲೀಲೇಬೇಕು. 1995ರಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನ ಸುಮಾರು 10 ದಿನದಲ್ಲಿ ಬರೆದರು. ಇವತ್ತು ನಿಮ್ಮ ಮೊಬೈಲ್‌ನಲ್ಲಿರೋ ಬ್ರೌಸರ್ ಕೂಡ ಅದನ್ನ ಓಡಿಸುತ್ತೆ. ಲೆಕ್ಕ, ಡೇಟಾ, ಸಣ್ಣಪುಟ್ಟ ಕೆಲಸಗಳನ್ನ ತಾನಾಗೇ ಆಗೋ ಹಾಗೆ ಮಾಡೋದು ಇಷ್ಟ ಅಂದ್ರೆ ಪೈಥಾನ್. ಆದರೆ ಗಮನಿಸಿ, ಸಂಖ್ಯೆ ಬೇರೆ, ಸಂಖ್ಯೆ ಥರ ಕಾಣೋ ಬರಹ ಬೇರೆ ಅನ್ನೋ ಪಾಠ ಎರಡರಲ್ಲೂ ಒಂದೇ. ಅದು ಒಂದು ಸಲ ತಲೆಗೆ ಹತ್ತಿದರೆ ಭಾಷೆ ಬದಲಾಯಿಸೋದು ಕಷ್ಟ ಅಲ್ಲ. ಹಾಗಾಗಿ ಯಾವುದಾದರೂ ಒಂದು ಹಿಡಿರಿ. ವಾರಕ್ಕೊಂದು ಭಾಷೆ ಬದಲಾಯಿಸೋರು ಮಾತ್ರ ಎಲ್ಲೂ ತಲುಪಲ್ಲ.

ಎರಡನೇದು, "ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮೂರೂ ಬೇಕಾ? ಏನು ವ್ಯತ್ಯಾಸ?"

ವಾಟ್ಸಾಪ್‌ನಲ್ಲಿ ಬರೋ ಮದುವೆ ಕರೆಯೋಲೆ ನೆನಪು ಮಾಡ್ಕೊಳ್ಳಿ. ಇದು ವರನ ಹೆಸರು, ಇದು ವಧುವಿನ ಹೆಸರು, ಇದು ಮುಹೂರ್ತ, ಇದು ಛತ್ರದ ವಿಳಾಸ. ಯಾವುದು ಏನು ಅಂತ ಗುರುತು ಹಾಕೋದು ಎಚ್‌ಟಿಎಂಎಲ್ ಕೆಲಸ. ಹೆಸರು ಕೆಂಪಗೆ ದಪ್ಪಗಿರಲಿ, ಗಣೇಶ ನಡುವೆ ಬರಲಿ, ಅಂಚಿಗೆ ಚಿನ್ನದ ಬಣ್ಣ ಇರಲಿ, ಇದು ಸಿಎಸ್‌ಎಸ್. ಮುಹೂರ್ತಕ್ಕೆ ಇನ್ನೆಷ್ಟು ದಿನ ಅಂತ ಎಣಿಸಬೇಕು, ಇದು ಜಾವಾಸ್ಕ್ರಿಪ್ಟ್. ಹಾಗಾಗಿ ಎಚ್‌ಟಿಎಂಎಲ್ ಪ್ರೋಗ್ರಾಮಿಂಗ್ ಭಾಷೆ ಅಲ್ಲ ಅಂತ ಯಾರಾದರೂ ನಕ್ಕರೆ ಬೇಜಾರು ಮಾಡ್ಕೋಬೇಡಿ. ಅವರು ಹೇಳೋದು ನಿಜವೇ, ಅದು ಗುರುತು ಹಾಕೋ ಭಾಷೆ. ಆದರೆ ಅದಿಲ್ಲದೆ ವೆಬ್ ಪುಟವೇ ಇಲ್ಲ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ವೆಬ್ ಶುರು ಮಾಡಿದಾಗ ಇದ್ದದ್ದು ಎಚ್‌ಟಿಎಂಎಲ್ ಮಾತ್ರ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎರಡೂ ಆಮೇಲೆ ಬಂದವು. ನೀವೂ ಅದೇ ಕ್ರಮದಲ್ಲಿ ಹೋಗಿ.

ಮೂರನೇದು ಸ್ವಲ್ಪ ಮೆಲ್ಲಗೆ ಕೇಳೋ ಪ್ರಶ್ನೆ. ಕ್ಲಾಸ್ ಮುಗಿದ ಮೇಲೆ, ಎಲ್ಲರೂ ಹೋದ ಮೇಲೆ ಕೇಳ್ತಾರೆ. "ಅಕ್ಕ, ನಾನು ಕನ್ನಡ ಮೀಡಿಯಂ. ಆಗುತ್ತಾ?"

ಪೈಥಾನ್‌ನಲ್ಲಿ ಅದಕ್ಕೇ ಮೀಸಲಾದ ಕೀವರ್ಡ್‌ಗಳು ಇರೋದು 35. ಇಫ್, ಎಲ್ಸ್, ಫಾರ್, ವೈಲ್ ಥರದವು. 35 ಪದ ಕಲಿಯೋಕೆ ಮೀಡಿಯಂ ಅಡ್ಡ ಬರಲ್ಲ. ಕಷ್ಟ ಬರೋದು ಬೇರೆ ಕಡೆ: ಎರರ್ ಮೆಸೇಜ್ ಇಂಗ್ಲಿಷ್‌ನಲ್ಲಿರುತ್ತೆ, ಒಳ್ಳೆ ವಿವರಣೆಗಳು ಹೆಚ್ಚು ಇರೋದೂ ಇಂಗ್ಲಿಷ್‌ನಲ್ಲೇ. ಅದನ್ನ ಮುಚ್ಚಿಟ್ಟು ಧೈರ್ಯ ಹೇಳೋದು ಸರಿಯಲ್ಲ. ಆದರೆ ಬೇಕಾಗಿರೋದು ಓದಿ ಅರ್ಥ ಮಾಡ್ಕೊಳ್ಳೋ ಇಂಗ್ಲಿಷ್, ಪಟಪಟ ಮಾತಾಡೋ ಇಂಗ್ಲಿಷ್ ಅಲ್ಲ. ಒಂದು ನೋಟ್‌ಬುಕ್ ಇಡಿ. ಬಂದ ಎರರ್ ಎಡಗಡೆ, ಅದರ ಅರ್ಥ ನಿಮ್ಮ ಕನ್ನಡದಲ್ಲಿ ಬಲಗಡೆ. ಶುರುವಿನಲ್ಲಿ ಬರೋ ಎರರ್‌ಗಳು ಕೆಲವೇ ಇರ್ತವೆ, ಅವೇ ಮತ್ತೆ ಮತ್ತೆ ಬರ್ತವೆ. ನೋಟ್‌ಬುಕ್‌ನ ಮೊದಲ ಕೆಲವು ಪುಟ ತುಂಬೋ ಹೊತ್ತಿಗೆ ಹೆದರಿಕೆ ಅರ್ಧ ಇಳಿದಿರುತ್ತೆ.

ಕನ್ನಡ ಗೊತ್ತಿರೋದರಿಂದ ಸಿಗೋ ಲಾಭವೂ ಒಂದಿದೆ. ಪ್ರಯೋಗ ಮಾಡಿ ನೋಡಿ. ಮೊಬೈಲ್ ಬ್ರೌಸರ್‌ನಲ್ಲಿ ಗೂಗಲ್ ಕೊಲ್ಯಾಬ್ ತೆಗೀರಿ, ಜಿಮೇಲ್ ಖಾತೆ ಇದ್ದರೆ ಸಾಕು, ಅಲ್ಲಿ ಪೈಥಾನ್ ಓಡುತ್ತೆ. ಒಂದು ಪದದ ಉದ್ದ ಹೇಳೋ 'ಲೆನ್' ಅನ್ನೋ ಫಂಕ್ಷನ್ ಇದೆ. ಅದಕ್ಕೆ 'ಕನ್ನಡ' ಅನ್ನೋ ಪದ ಕೊಡಿ. ಕನ್ನಡದಲ್ಲಿ ಎಷ್ಟು ಅಕ್ಷರ? ಕ, ನ್ನ, ಡ, ಮೂರು. ಕಂಪ್ಯೂಟರ್ 5 ಅನ್ನುತ್ತೆ! ಯಾಕಂದ್ರೆ ಯೂನಿಕೋಡ್‌ನಲ್ಲಿ 'ನ್ನ' ಒಂದಲ್ಲ. ಒಂದು ನ, ಅದನ್ನ ಅರ್ಧ ಮಾಡೋ ಚಿಹ್ನೆ, ಇನ್ನೊಂದು ನ, ಒಟ್ಟು ಮೂರು. ಆ ಕಡೆ ಕ, ಈ ಕಡೆ ಡ, ಸೇರಿ 5. ಈಗ ಯೋಚನೆ ಮಾಡಿ, ಯಾರೋ 'ಹೆಸರು 10 ಅಕ್ಷರ ಮೀರಬಾರದು' ಅಂತ ಫಾರ್ಮ್ ಮಾಡಿದ್ದಾರೆ. ಇಂಗ್ಲಿಷ್ ಹೆಸರು ಹಿಡಿಸುತ್ತೆ, ಒತ್ತಕ್ಷರ ಇರೋ ಕನ್ನಡ ಹೆಸರು ಅರ್ಧಕ್ಕೇ ತುಂಡಾಗುತ್ತೆ. ಈ ತೊಂದರೆ ಮೊದಲು ಕಣ್ಣಿಗೆ ಬೀಳೋದು ಕನ್ನಡದಲ್ಲಿ ಹೆಸರು ಬರೆಯೋರಿಗೆ.

ನಾಲ್ಕನೇದು, "ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಮಾತ್ರ ಇದೆ."

ಶುರು ಮಾಡೋಕೆ ಮೊಬೈಲ್ ಸಾಕು. ಪೈಥಾನ್‌ಗೆ ಕೊಲ್ಯಾಬ್, ಎಚ್‌ಟಿಎಂಎಲ್‌ಗೆ ಕೋಡ್‌ಪೆನ್, ಎರಡೂ ಬ್ರೌಸರ್‌ನಲ್ಲೇ ತೆರೆಯುತ್ತವೆ. ಆದರೆ ಕೆಲಸ ಹುಡುಕೋ ಮಟ್ಟಕ್ಕೆ ಮೊಬೈಲ್ ಸಾಲಲ್ಲ. ದೊಡ್ಡ ಪರದೆ, ಕೀಬೋರ್ಡ್ ಬೇಕೇ ಬೇಕು. ಕಾಲೇಜಿನ ಲ್ಯಾಬ್ ಕೇಳಿ ನೋಡಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ, ಹಲವು ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ಹೊಸದೇ ಬೇಕು ಅಂತಿಲ್ಲ, ಹಳೇ ಲ್ಯಾಪ್‌ಟಾಪ್ ಕೂಡ ವೆಬ್ ಕಲಿಕೆಗೆ ನಡೆಯುತ್ತೆ. ಮೊಬೈಲ್‌ನಲ್ಲಿ ಒಂದು ತಿಂಗಳು ಮಾಡಿ ಇಷ್ಟವಾದ ಮೇಲೆ ಕೊಳ್ಳಿ, ಕೊಂಡ ಮೇಲೆ ಇಷ್ಟ ಹುಡುಕಬೇಡಿ.

ಐದನೇದು, "ವಿಡಿಯೋ ನೋಡುವಾಗ ಎಲ್ಲ ಅರ್ಥ ಆಗುತ್ತೆ. ಒಬ್ಬನೇ ಕೂತ್ರೆ ಏನೂ ಬರಲ್ಲ. ನನ್ನ ತಲೆಗೆ ಇದು ಹತ್ತಲ್ವೇನೋ?"

ಈಜೋದನ್ನ ದಡದಲ್ಲಿ ಕೂತು ನೋಡಿದರೂ ಎಲ್ಲ ಅರ್ಥ ಆಗುತ್ತೆ. ತಲೆಯ ಸಮಸ್ಯೆ ಅಲ್ಲ, ಕೈ ಇನ್ನೂ ನೀರಿಗೆ ಬಿದ್ದಿಲ್ಲ ಅಷ್ಟೆ. ಹತ್ತು ನಿಮಿಷದ ವಿಡಿಯೋ ನೋಡಿ, ಮುಚ್ಚಿ, ನೆನಪಿನಿಂದ ಟೈಪ್ ಮಾಡಿ. ಕಾಪಿ ಪೇಸ್ಟ್ ಬೇಡ. ತಪ್ಪಾಗುತ್ತೆ, ಆಗಲಿ. ಪೈಥಾನ್ ಎರರ್ ಕೊಟ್ಟರೆ ಕೊನೇ ಸಾಲನ್ನ ಮೊದಲು ಓದಿ. ಏನಾಯ್ತು ಅನ್ನೋದು ಅಲ್ಲಿರುತ್ತೆ, ಎಲ್ಲಾಯ್ತು ಅನ್ನೋದು ಅದರ ಮೇಲಿನ ಸಾಲುಗಳಲ್ಲಿರುತ್ತೆ. ಆಮೇಲೆ ಯಾರಿಗಾದರೂ ಕೇಳೋದಾದರೆ "ನನ್ನ ಕೋಡ್ ವರ್ಕ್ ಆಗ್ತಿಲ್ಲ" ಅಂತ ಮಾತ್ರ ಕಳಿಸಬೇಡಿ. ಮೂರು ವಿಷಯ ಬರೀರಿ: ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು. "20ಕ್ಕೆ 5 ಕೂಡಿಸಿದೆ, 25 ಬರಬೇಕಿತ್ತು, 205 ಬಂತು." ಇಷ್ಟು ಬರೆಯೋ ಹೊತ್ತಿಗೆ ಎಷ್ಟೋ ಸಲ ಉತ್ತರ ನಿಮಗೇ ಹೊಳೆದಿರುತ್ತೆ.

ಆರನೇದು, "ಎಐ ಎಲ್ಲ ಕೋಡ್ ಬರೆಯುತ್ತಲ್ಲ, ನಾನ್ಯಾಕೆ ಕಲೀಬೇಕು?"

ಬೇಕರಿ ಬಿಲ್ ಕೋಡ್ ಅದನ್ನೇ ಕೇಳಿ, ಬರೆದು ಕೊಡುತ್ತೆ, ಬಹುಶಃ ಸರಿಯಾಗೇ ಕೊಡುತ್ತೆ. ಆದರೆ ಎಲ್ಲೋ ಒಂದು ಕಡೆ 205 ಬಂದಾಗ ಅದು ತಪ್ಪು ಅಂತ ಗುರುತಿಸಬೇಕಾದ್ದು ಯಾರು? ದುಡ್ಡು ಹೆಚ್ಚು ಕೊಟ್ಟ ಗಿರಾಕಿ ಬಂದು ಜಗಳ ಆಡೋದು ಎಐ ಹತ್ತಿರ ಅಲ್ಲ, ನಿಮ್ಮ ಹತ್ತಿರ. ಎಐ ಬಂದ ಮೇಲೆ ಶುರುವಿನ ಹಂತದ ಕೆಲಸಗಳು ಬದಲಾಗ್ತಿರೋದು ನಿಜ, ಬರೀ ಟೈಪ್ ಮಾಡೋ ಕೌಶಲಕ್ಕೆ ಬೆಲೆ ಇಳೀತಿದೆ. ಓದಿ, ಪರೀಕ್ಷೆ ಮಾಡಿ, ಯಾಕೆ ತಪ್ಪಾಯ್ತು ಅಂತ ಹೇಳೋ ಕೌಶಲಕ್ಕೆ ಇಳಿದಿಲ್ಲ. ಕಲಿಯುವಾಗ ಒಂದು ನಿಯಮ ಇಟ್ಕೊಳ್ಳಿ: ಎಐ ಹತ್ತಿರ ಉತ್ತರ ಕೇಳಬೇಡಿ, ಸುಳಿವು ಕೇಳಿ. ಸಾಲು ಸಾಲಾಗಿ ಇನ್ನೊಬ್ಬರಿಗೆ ವಿವರಿಸೋಕೆ ಆಗದ ಕೋಡ್ ಅನ್ನ ನಿಮ್ಮದು ಅಂತ ಇಟ್ಕೋಬೇಡಿ.

ಕೊನೇದು, ನಾನು ಈ ಸಂಚಿಕೆ ಮಾಡೋಕೆ ಮುಖ್ಯ ಕಾರಣ ಆದದ್ದು. ಕೇಳುಗರೊಬ್ಬರು ಮೆಸೇಜ್ ಕಳಿಸಿದ್ದರು: "ಅಕ್ಕ, ಆರು ತಿಂಗಳ ಕೋರ್ಸ್, ಫೀಸ್ 90 ಸಾವಿರ. ಕೆಲಸ ಗ್ಯಾರಂಟಿ ಅಂತಾರೆ. ಅಮ್ಮ ಬಳೆ ಅಡ ಇಡ್ತೀನಿ ಅಂತಿದ್ದಾರೆ. ಸೋಮವಾರದೊಳಗೆ ಕಟ್ಟಿದರೆ ಡಿಸ್ಕೌಂಟ್. ಕಟ್ಲಾ?"

ನಾನು ಅವರಿಗೆ ಬರೆದದ್ದು ಇಷ್ಟು. ಸೋಮವಾರ ಕಟ್ಟಬೇಡಿ. ಎಲ್ಲ ಕೋರ್ಸೂ ಮೋಸ ಅಂತ ನಾನು ಹೇಳ್ತಿಲ್ಲ. ಶಿಸ್ತು, ಜೊತೆಗಾರರು, ಕೇಳಿದರೆ ಉತ್ತರ ಹೇಳೋ ಮೇಷ್ಟ್ರು, ಇವಕ್ಕೆ ದುಡ್ಡು ಕೊಡೋದು ತಪ್ಪಲ್ಲ. ಆದರೆ ನಿಮಗೆ ಕೋಡಿಂಗ್ ಇಷ್ಟನಾ ಅಂತ ತಿಳಿಯೋಕೆ 90 ಸಾವಿರ ಬೇಕಾಗಿಲ್ಲ. ಅದಕ್ಕೆ 30 ದಿನ ಸಾಕು.

ಮೊದಲ ವಾರ, ನಿಮ್ಮ ಊರಿನ ಯಾವುದಾದರೂ ಅಂಗಡಿಯ ಬೆಲೆಪಟ್ಟಿಯನ್ನ ಎಚ್‌ಟಿಎಂಎಲ್‌ನಲ್ಲಿ, ಕನ್ನಡದಲ್ಲೇ ಮಾಡಿ. ಎರಡನೇ ವಾರ, ಮೊಬೈಲ್‌ನಲ್ಲಿ ಚೆನ್ನಾಗಿ ಕಾಣೋ ಹಾಗೆ ಸಿಎಸ್‌ಎಸ್ ಸೇರಿಸಿ. ಮೂರನೇ ವಾರ, ಬಿಲ್ ಕೂಡಿಸೋ ಬಟನ್. 205 ಬರದ ಹಾಗೆ ನೋಡ್ಕೊಳ್ಳಿ. ನಾಲ್ಕನೇ ವಾರ, ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಹಾಕಿ, ಆ ಅಂಗಡಿಯವರಿಗೇ ಲಿಂಕ್ ಕಳಿಸಿ. ಕಲಿಯೋಕೆ ಫ್ರೀಕೋಡ್‌ಕ್ಯಾಂಪ್ ಇದೆ, ಎಂಡಿಎನ್ ಇದೆ, ಹಾರ್ವರ್ಡ್‌ನ ಸಿಎಸ್50 ಪಾಠಗಳಿವೆ, ಎಲ್ಲ ಉಚಿತ. ದಿನಕ್ಕೆ ಒಂದು ಗಂಟೆ ಕೊಡಿ. 30 ದಿನದ ಕೊನೆಗೆ ನಿಮಗೆ ಕೆಲಸ ಸಿಗಲ್ಲ. ಆದರೆ 205 ಬಂದಾಗ ಸಿಟ್ಟು ಬಂತಾ, ಇಲ್ಲಾ ಯಾಕೆ ಹೀಗಾಯ್ತು ಅಂತ ಊಟ ಬಿಟ್ಟು ಹುಡುಕಿದ್ರಾ ಅನ್ನೋದು ಗೊತ್ತಾಗಿರುತ್ತೆ. ಎರಡನೇದಾದರೆ ಮುಂದುವರೀರಿ.

ಆಮೇಲೂ ಕೋರ್ಸ್ ಸೇರಬೇಕು ಅನ್ನಿಸಿದರೆ, ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ಗ್ಯಾರಂಟಿ ಅಂದ್ರೆ ಕೆಲಸದ ಗ್ಯಾರಂಟಿನಾ, ಇಂಟರ್‌ವ್ಯೂ ಗ್ಯಾರಂಟಿನಾ? ನಡುವೆ ಬಿಟ್ಟರೆ ಎಷ್ಟು ವಾಪಸ್? ಕಂತು ಅಂತ ಹೇಳ್ತಿರೋದು ಸಂಸ್ಥೆಗೆ ಕಟ್ಟೋ ಕಂತಾ, ನಿಮ್ಮ ಹೆಸರಲ್ಲಿ ಬೇರೆ ಕಂಪನಿಯಿಂದ ತೆಗೆಯೋ ಸಾಲನಾ? ಹಿಂದಿನ ಬ್ಯಾಚ್‌ನ ಇಬ್ಬರ ಜೊತೆ, ಅವರು ಆರಿಸಿದವರಲ್ಲ, ನೀವು ಹುಡುಕಿದವರ ಜೊತೆ ಮಾತಾಡಬಹುದಾ? ಮೂರನೇ ಪ್ರಶ್ನೆ ಮರೀಬೇಡಿ. ಸಾಲ ಆಗಿದ್ದರೆ, ನೀವು ಕ್ಲಾಸ್ ಬಿಟ್ಟರೂ ಕಂತು ನಿಲ್ಲದೇ ಇರಬಹುದು. ಆಪ್‌ನಲ್ಲಿ ಕೊಡೋ ಸಾಲಗಳಿಗೆ ಆರ್‌ಬಿಐ ನಿಯಮ ಮಾಡಿದೆ. ಬಡ್ಡಿ, ಶುಲ್ಕ ಎಲ್ಲ ಇರೋ ವಿವರಪತ್ರವನ್ನ ಸಹಿಗೆ ಮುಂಚೆ ಕೊಡಬೇಕು. ಸಾಲ ತಗೊಂಡ ಮೇಲೂ ನಿಗದಿತ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡ ಇಲ್ಲದೆ ಹೊರಬರೋ ಅವಕಾಶ ಇರಬೇಕು. ಆ ಅವಧಿ ಎಷ್ಟು ಅಂತ ನೋಡಿ, ಆಮೇಲೆ ಬೆರಳು ಒತ್ತಿ.

ಇವತ್ತಿಗೆ ಇಷ್ಟು. ಬೆಲೆಪಟ್ಟಿ ಮಾಡಿದರೆ ಲಿಂಕ್ ಕಳಿಸಿ, ನಾನು ನೋಡ್ತೀನಿ. ಎಲ್ಲಾದರೂ ಸಿಕ್ಕಿಹಾಕ್ಕೊಂಡರೆ ಬರೀರಿ: ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು. ಮುಂದಿನ ವಾರ ಸಿಗೋಣ, ನಮಸ್ಕಾರ.