ಬೀದರಿಗೆ ಹೊತ್ತೊಯ್ದ ಪ್ರಶ್ನೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಳೆದ ಚಳಿಗಾಲದಲ್ಲಿ ನಾನು ಗಂಗಾವತಿಯಿಂದ ಬೀದರಿಗೆ ಸೈಕಲ್ ಮೇಲೆ ಹೋದೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮನೆಯವರು ಬೈದರು. ಕಾರಣ ಇದೇ ಶಾಲೆಯ ಒಂಬತ್ತನೇ ತರಗತಿಯಲ್ಲಿದೆ.

ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಪಾಠ ನಡೆದಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಎದ್ದು, “ಸರ್, ಅಷ್ಟು ಎತ್ತರದ ಕಲ್ಲಿನ ಮ್ಯಾಲ ಊರು ಕಟ್ಟಿದ್ರ ನೀರು ಎಲ್ಲಿಂದ ತಂದ್ರು?” ಎಂದ. “ನೀನೇ ಹೋಗಿ ನೋಡಿ ಬಂದು ನಮಗೆ ಹೇಳಪ್ಪ” ಎಂದರು ಸರ್. ಇಬ್ಬರೂ ಸೈಕಲ್ ಮೇಲೆ ಹೋಗುವುದೆಂದು ಅಂದೇ ಮಾತಾಯಿತು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ತಂದೆ ತೀರಿಕೊಂಡಿದ್ದರು, ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ.

ಈ ಸಲ ಹೊರಡುವ ಮುನ್ನ ಬ್ರೇಕು, ಚೈನು ಸರಿಮಾಡಿಕೊಟ್ಟವನೂ ಅವನೇ. ಬಾ ಎಂದೆ. “ಅಂಗಡಿ ಯಾರು ನೋಡ್ತಾರ? ನೀ ನೋಡ್ಕೊಂಡು ಬಂದು ಹೇಳು” ಎಂದ.

ಸಿಂಧನೂರು, ಲಿಂಗಸುಗೂರು, ಶಹಾಪುರ, ಕಲಬುರಗಿ, ಹುಮನಾಬಾದ್ ಹಾದು ಐದನೇ ದಿನ ಬೀದರ್ ಮುಟ್ಟಿದೆ. ಮೊದಲು ನೋಡಿದ್ದು ಮಹಮೂದ್ ಗವಾನನ ಮದರಸಾ. ಇರಾನಿನ ಗಿಲಾನ್ ಸೀಮೆಯಿಂದ ಬಂದು ಬಹಮನಿಗಳ ಮಂತ್ರಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ ಅದು. ಪಾಠದ ಕೋಣೆ, ಗ್ರಂಥಾಲಯ, ಮಸೀದಿ, ಓದುವವರಿಗೆ ವಸತಿ ಎಲ್ಲ ಒಂದೇ ಕಡೆ ಇದ್ದವು. ಖೊಟ್ಟಿ ಪತ್ರವೊಂದನ್ನು ನಂಬಿ ಸುಲ್ತಾನ 1481ರಲ್ಲಿ ಅವನನ್ನೇ ಕೊಲ್ಲಿಸಿದ. 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ. ಅದರ ಮೇಲಿನ ನೀಲಿ, ಹಸಿರು ಹೆಂಚುಗಳ ಬಣ್ಣ ಇನ್ನೂ ಕಾಣುತ್ತದೆ.

ಗೆಳೆಯನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊರಂಚಿನ ನೌಬಾದಿನಲ್ಲಿ. ಅಲ್ಲಿರುವುದು ಕರೇಜ್, ಜನ ಸುರಂಗ ಬಾವಿ ಎನ್ನುತ್ತಾರೆ. ಇದೂ ಇರಾನಿನ ಕಡೆಯಿಂದ ಬಂದ ವಿದ್ಯೆ. ಮಳೆನೀರು ಜಂಬಿಟ್ಟಿಗೆ ನೆಲದಲ್ಲಿ ಇಂಗಿ ಕೆಳಗೆ ನಿಲ್ಲುತ್ತದೆ. ಅಲ್ಲಿಂದ ಕೊಂಚ ಇಳಿಜಾರಾಗಿ ಸುರಂಗ ಕೊರೆದರೆ, ಎತ್ತುವ ಕಷ್ಟವಿಲ್ಲದೆ ನೀರು ತಾನೇ ಹರಿದು ಬರುತ್ತದೆ. ಮಣ್ಣು ತೆಗೆಯಲು, ಗಾಳಿಯಾಡಲು ನಡುನಡುವೆ ಮೇಲಿನಿಂದ ಬಾವಿಗಳಿವೆ.

ಊರಿಗೆ ಬಂದು ನೇರ ಅಂಗಡಿಗೆ ಹೋದೆ. ಟ್ಯೂಬನ್ನು ನೀರಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಎಲ್ಲ ಕೇಳಿ, “ನೆಲದೊಳಗ ಕತ್ತಲ್ಯಾಗ ಇಳಿಜಾರು ಹೆಂಗ ಅಳದ್ರು?” ಎಂದ. ಕಣ್ಣಾರೆ ನೋಡಿ ಬಂದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಪಾಸಾದವರ ಹೆಸರನ್ನು ಇಂದು ಅಭಿಮಾನದಿಂದ ಹೇಳುತ್ತಿದ್ದೇವೆ. ಹಳೆಯ ಹಾಜರಿ ಪುಸ್ತಕಗಳಲ್ಲಿ ನಡುವೆಯೇ ನಿಂತುಹೋದ ಹೆಸರುಗಳೂ ಇವೆ. ಗುರುಗಳೇ, ಇನ್ನು ಮುಂದೆ ಯಾವ ಮಗುವಾದರೂ ಒಂದು ವಾರ ಶಾಲೆಗೆ ಬರದಿದ್ದರೆ ನಮ್ಮ ಬ್ಯಾಚಿಗೆ ಹೇಳಿ ಕಳಿಸಿ. ನಾವು ಆ ಮನೆಗೆ ಹೋಗುತ್ತೇವೆ, ಖರ್ಚಿಗೂ ಹೆಗಲು ಕೊಡುತ್ತೇವೆ. ಬೀದರಿಗಿಂತ ಅದು ಹತ್ತಿರದ ದಾರಿ.