ಐರ್ಲೆಂಡಿನ ಗಣತಿಯ ಹಾಳೆಗಳು

1911ನೆಯ ಇಸವಿಯ ಏಪ್ರಿಲ್ 2, ಭಾನುವಾರ. ಆ ರಾತ್ರಿ ಐರ್ಲೆಂಡಿನ ಒಂದೊಂದು ಮನೆಯಲ್ಲಿಯೂ ಇದ್ದವರ ಲೆಕ್ಕ ತೆಗೆಯಬೇಕೆಂದು ಸರ್ಕಾರದ ಆಜ್ಞೆಯಾಗಿತ್ತು. ಲೆಕ್ಕದ ಹೊಣೆ ಪೊಲೀಸರದು. ಅವರು ಮುಂಚಿತವಾಗಿಯೇ ಮನೆಮನೆಗೆ ಹಾಳೆಗಳನ್ನು ಹಂಚಿದ್ದರು. ಹೆಸರು, ಯಜಮಾನನಿಗೆ ಏನಾಗಬೇಕು, ಮತ, ಓದುಬರಹ, ವಯಸ್ಸು, ಕಸುಬು, ಹುಟ್ಟಿದ ಊರು, ಐರಿಷ್ ಭಾಷೆ ಬರುವುದೆ ಎಂಬ ಕಲಮುಗಳನ್ನು ತುಂಬಿ ಯಜಮಾನನು ರುಜು ಹಾಕಬೇಕು. ಅಕ್ಷರ ಬಾರದವನಾದರೆ ಬೇರೆಯವರಿಂದ ಬರೆಸಿ ತಾನೊಂದು ಗುರುತು ಹಾಕಬೇಕು. ಆ ವರ್ಷ ಹೊಸದಾಗಿ ಇನ್ನೂ ಕೆಲವು ಪ್ರಶ್ನೆಗಳು ಸೇರಿದ್ದುವು. ಅವು ಗಂಡನಿರುವ ಹೆಂಗಸರಿಗೆ ಮಾತ್ರ: ಮದುವೆಯಾಗಿ ಎಷ್ಟು ವರ್ಷವಾಯಿತು? ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು? ಈಗ ಉಳಿದಿರುವವರೆಷ್ಟು?

ವಿಧವೆಯರು ಇದಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ. ಆದರೂ ಕೆಲವರು ಕೊಟ್ಟರು. ಕೇಳದಿದ್ದರೂ ಹೇಳಿದರು. ಲೆಕ್ಕಕ್ಕೆ ಬೇಡವಾದ ಅಂಥ ಅಂಕಿಗಳ ಮೇಲೆ ಅಧಿಕಾರಿಗಳು ಗೆರೆ ಎಳೆದರು. ಆ ಗೆರೆ ಎಷ್ಟು ತೆಳು ಎಂದರೆ ಅದರ ಅಡಿಯ ಅಂಕಿಯನ್ನು ಇಂದಿಗೂ ಓದಬಹುದು. ತಮ್ಮ ಹಿರಿಯರನ್ನು ಹುಡುಕಿಕೊಂಡು ಬರುವವರಿಗೆ ಹೊಡೆದುಹಾಕಿದ ಆ ಅಂಕಿಗಳಷ್ಟು ಬೆಲೆಯುಳ್ಳದ್ದು ಇಡೀ ಹಾಳೆಯಲ್ಲಿ ಬೇರೊಂದಿಲ್ಲ.

ಈ ಹಾಳೆಗಳು ಉಳಿದದ್ದೇ ಒಂದು ಸೋಜಿಗ. ಆ ದೇಶದಲ್ಲಿ 1821ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿತ್ತು. 1861 ಮತ್ತು 1871ರ ಹಾಳೆಗಳನ್ನು, ಮೊತ್ತಗಳನ್ನು ತೆಗೆದುಕೊಂಡಾದ ಮೇಲೆ, ಸರ್ಕಾರವೇ ನಾಶಮಾಡಿತು. 1881 ಮತ್ತು 1891ರ ಹಾಳೆಗಳು ಮೊದಲನೆಯ ಮಹಾಯುದ್ಧದ ಕಾಲದ ಕಾಗದದ ಬರದಲ್ಲಿ ಅರೆದು ತಿರುಳಾದುವು. ಅದಕ್ಕೂ ಹಿಂದಿನ ನಾಲ್ಕು ಗಣತಿಗಳು ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಭಂಡಾರದಲ್ಲಿ ಭದ್ರವಾಗಿದ್ದುವು. 1922ರಲ್ಲಿ, ಬ್ರಿಟನ್ನಿನೊಡನೆ ಮಾಡಿಕೊಂಡ ಒಪ್ಪಂದವನ್ನು ಒಪ್ಪಿದವರಿಗೂ ಒಪ್ಪದವರಿಗೂ ಕಾಳಗ ಹತ್ತಿತು. ಒಪ್ಪದವರು ಏಪ್ರಿಲಿನಲ್ಲಿ ಆ ಕಟ್ಟಡವನ್ನು ಹಿಡಿದು ಕುಳಿತರು. ಹೊಸ ಸರ್ಕಾರದ ಪಡೆ ಜೂನ್ 28ರಿಂದ ಅದರ ಮೇಲೆ ಫಿರಂಗಿ ಹಾರಿಸಿತು. 30ನೆಯ ತಾರೀಖು ಒಳಗೆ ಭಾರಿ ಸ್ಫೋಟವಾಗಿ ಭಂಡಾರಕ್ಕೆ ಬೆಂಕಿ ಬಿತ್ತು. ಸುಟ್ಟ ಕಾಗದದ ಚೂರುಗಳು ಊರ ಮೇಲೆಲ್ಲ ಹಾರಾಡಿದುವು. ಅಣ್ಣತಮ್ಮಂದಿರ ಜಗಳದಲ್ಲಿ ಮನೆಯ ಪತ್ರಗಳ ಪೆಟ್ಟಿಗೆಗೇ ಬೆಂಕಿ ಬಿದ್ದಂತೆ.

ಕಳೆದುಹೋದದ್ದು ಏನೆಂಬುದನ್ನು ಸ್ವಲ್ಪ ಎಣಿಸಬೇಕು. 1841ರಲ್ಲಿ ಆ ದ್ವೀಪದ ಜನಸಂಖ್ಯೆ 81 ಲಕ್ಷಕ್ಕೂ ಹೆಚ್ಚು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿ ಮಹಾಕ್ಷಾಮ ಆರಂಭವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೆ ಕಡಮೆಯಿಲ್ಲದಷ್ಟು ಜನ ಹಡಗು ಹತ್ತಿದರು. 1851ರ ಗಣತಿಯಲ್ಲಿ ಉಳಿದವರು 65 ಲಕ್ಷ. ಮೊತ್ತಗಳು ಅಚ್ಚಾಗಿದ್ದುದರಿಂದ ನಮಗೆ ತಿಳಿದಿವೆ. ಆದರೆ ಯಾವ ಹಳ್ಳಿಯ ಯಾವ ಮನೆಯಲ್ಲಿ ಕ್ಷಾಮಕ್ಕೆ ಮೊದಲು ಎಷ್ಟು ಹೆಸರುಗಳಿದ್ದುವು, ಅನಂತರ ಎಷ್ಟು ಉಳಿದುವು ಎಂದು ಹೋಲಿಸಿ ನೋಡಬಹುದಾಗಿದ್ದ ಎರಡು ಗಣತಿಗಳೂ, ಅಲ್ಪಸ್ವಲ್ಪ ಚೂರುಗಳ ಹೊರತು, ಆ ಬೆಂಕಿಯಲ್ಲಿ ಹೋದುವು.

ಹಾಗೆ ಹೋದದ್ದರಲ್ಲಿ ಒಂದಿಷ್ಟು ಉಳಿದ ಬಗೆಯನ್ನು ಹೇಳಬೇಕು. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗುಗಳವರೆಗೆ ಪಿಂಚಣಿ ಕೊಡುವ ಕಾನೂನು 1908ರಲ್ಲಿ ಆಯಿತು. 1909ರ ಜನವರಿಯಿಂದ ಹಣ ಬರಲು ಆರಂಭವಾಯಿತು. ಆದರೆ ವಯಸ್ಸನ್ನು ತೋರಿಸುವುದು ಹೇಗೆ? ಐರ್ಲೆಂಡಿನಲ್ಲಿ ಎಲ್ಲರ ಜನನವನ್ನೂ ಸರ್ಕಾರ ಬರೆದಿಟ್ಟುಕೊಳ್ಳತೊಡಗಿದ್ದು 1864ರಲ್ಲಿ. ಮುದುಕರು ‘ಮಹಾಗಾಳಿಯ ರಾತ್ರಿ ನನಗೆ ನೆನಪಿದೆ’ ಎಂದರು. 1839ರ ಜನವರಿ 6ರ ರಾತ್ರಿ ಬೀಸಿದ ಬಿರುಗಾಳಿ ಅದು. ನಮ್ಮ ಅಜ್ಜಿಯರು ‘ಧಾತು ಈಶ್ವರದ ಬರದಲ್ಲಿ ಅಪ್ಪ ಕೂಸು’, ‘ಪ್ಲೇಗು ಬಂದ ವರ್ಷ ಹುಟ್ಟಿದವಳು ನಾನು’ ಎನ್ನುತ್ತಿದ್ದರಲ್ಲ, ಹಾಗೆ. ಗಾಳಿಯನ್ನು ನೆನೆಯುವವರ ಸಂಖ್ಯೆ ಪಿಂಚಣಿ ಬಂದ ಮೇಲೆ ಬಹಳ ಹೆಚ್ಚಿತೆಂದು ಹಾಸ್ಯವೂ ಉಂಟು. 1901ರ ಹಾಳೆಯನ್ನೂ 1911ರ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಹತ್ತು ವರ್ಷದಲ್ಲಿ ಹದಿನೈದು ವರ್ಷ ಬೆಳೆದ ಹಿರಿಯರು ಧಾರಾಳವಾಗಿ ಸಿಕ್ಕುತ್ತಾರೆ. ನಾನಂತೂ ಅವರನ್ನು ಸುಳ್ಳುಗಾರರೆನ್ನಲಾರೆ. ಹುಟ್ಟಿದ ದಿನವನ್ನು ಯಾರೂ ಬರೆದಿಡದಿದ್ದವರಿಗೆ ವಯಸ್ಸೆಂಬುದು ಅಂದಾಜಿನ ಮಾತು.

ಗಾಳಿಯ ಸಾಕ್ಷ್ಯ ಸಾಲದೆಹೋದಾಗ ಅರ್ಜಿದಾರರು ಡಬ್ಲಿನ್ನಿಗೆ ಬರೆದರು: ನನ್ನ ತಂದೆತಾಯಿಯರ ಹೆಸರು ಇಂಥದು, 1851ರಲ್ಲಿ ಇಂಥ ಹಳ್ಳಿಯಲ್ಲಿದ್ದರು, ಹಳೆಯ ಗಣತಿಯಲ್ಲಿ ನನ್ನ ವಯಸ್ಸನ್ನು ನೋಡಿ ಹೇಳಿ ಎಂದು. ಗುಮಾಸ್ತರು ಹುಡುಕಿ, ಕಂಡದ್ದನ್ನು ಅರ್ಜಿಯ ಮೇಲೆಯೇ ಬರೆದರು. ಎಷ್ಟೋ ಕಡೆ ‘ಸಿಕ್ಕಲಿಲ್ಲ’ ಎಂದೂ ಬರೆದರು. ಮೂಲ ಸುಟ್ಟಿತು, ಈ ಅರ್ಜಿಗಳು ಉಳಿದುವು. ಐದು ಷಿಲಿಂಗು ಬೇಡಿದ ಬಡವರ ಮನೆಗಳಷ್ಟೇ ಆ ಗಣತಿಯಿಂದ ಹೀಗೆ ಹೊರಬಂದುವು. ಪಿಂಚಣಿಯ ಹಂಗಿಲ್ಲದ ಶ್ರೀಮಂತನ ಮನೆಗೆ ಆ ಭಾಗ್ಯವಿಲ್ಲ.

1864ಕ್ಕೆ ಹಿಂದೆ ಹೋಗಬೇಕಾದರೆ ಪ್ಯಾರಿಷ್, ಅಂದರೆ ಒಂದೊಂದು ಚರ್ಚಿನ ಸೀಮೆಯ, ಪುಸ್ತಕಗಳೇ ಗತಿ. ನಮ್ಮ ಕುವೆಂಪು ಅವರು ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದಾಗ ನಿಮ್ಮ ನುಡಿಯಲ್ಲಿ ಬರೆಯಿರಿ ಎಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ್ದು 1873ರಲ್ಲಿ. ಅವರು ಸರ್ಕಾರದ ಪುಸ್ತಕದ ಕಾಲದವರು. ಅವರ ತಂದೆಯ ತಲೆಮಾರಿನವರ ಹುಟ್ಟನ್ನು ಹುಡುಕುವವನು ಚರ್ಚಿನ ಬಾಗಿಲನ್ನೇ ತಟ್ಟಬೇಕು. ಇಲ್ಲಿಯೂ ವಿಧಿಯ ಆಟವೊಂದುಂಟು. ಒಂದು ಕಾಲಕ್ಕೆ ಸರ್ಕಾರದ ಮನ್ನಣೆ ಪಡೆದಿದ್ದ ಪ್ರಾಟೆಸ್ಟಂಟ್ ಚರ್ಚಿನ ಪುಸ್ತಕಗಳನ್ನು ಸರ್ಕಾರ ತನ್ನ ಭಂಡಾರಕ್ಕೆ ತರಿಸಿಕೊಂಡಿತ್ತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು 1922ರಲ್ಲಿ ಬೂದಿಯಾದುವು. ಕಾನೂನಿನ ತುಳಿತಕ್ಕೆ ಸಿಕ್ಕಿದ್ದ ಕ್ಯಾಥೊಲಿಕರ ಪುಸ್ತಕಗಳನ್ನು ಯಾರೂ ಕೇಳಲಿಲ್ಲ. ಅವು ತಂತಮ್ಮ ಹಳ್ಳಿಯ ಪಾದ್ರಿಯ ಕಪಾಟಿನಲ್ಲಿ ಇಲಿ, ತೇವಗಳ ನಡುವೆಯೇ ಬದುಕಿಕೊಂಡುವು. ಅವುಗಳ ಚಿತ್ರಗಳನ್ನು ಆ ದೇಶದ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿತು.

ಆ ಪುಸ್ತಕಗಳ ಓದು ನಮ್ಮ ಶಾಸನಗಳ ಓದಿನ ಹಾಗೆಯೇ ತಾಳ್ಮೆಯ ಕೆಲಸ. ಎಷ್ಟೋ ಕಡೆ ಬರಹ ಲ್ಯಾಟಿನ್ನಿನದು: ಮನೆಯಲ್ಲಿ ಜೇಮ್ಸ್ ಆದವನು ಇಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ವಾಡಿಕೆ ಅಲ್ಲಿಯೂ ಇದ್ದುದರಿಂದ ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಐದಾರು ಮಂದಿ ಎದುರಾಗುತ್ತಾರೆ. ಆಗ ದಾರಿ ತೋರಿಸುವವರು ಇಬ್ಬರು. ಒಬ್ಬರು ಜ್ಞಾನಸ್ನಾನದ ಸಾಕ್ಷಿಗಳಾದ ಜ್ಞಾನ ತಂದೆತಾಯಿಯರು. ಅವರು ಸಾಮಾನ್ಯವಾಗಿ ಚಿಕ್ಕಪ್ಪ, ಸೋದರತ್ತೆ, ನೆರೆಮನೆಯವರು. ಇನ್ನೊಬ್ಬಳು ಮಗುವಿನ ತಾಯಿ. ಅವಳನ್ನು ತೌರಿನ ಹೆಸರಿನಿಂದಲೇ ಬರೆಯುತ್ತಿದ್ದರು. ನಮ್ಮ ಹೆಳವರು ಎತ್ತಿನ ಮೇಲೆ ಬಂದು ಅಂಗಳದಲ್ಲಿ ಮನೆತನದ ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುವುದನ್ನು ನಾನು ಬಾಲ್ಯದಲ್ಲಿ ಬೆರಗಿನಿಂದ ಕೇಳಿದ್ದೇನೆ. ನಾನು ಕೇಳಿದ್ದು ಗಂಡಸರ ಹೆಸರುಗಳನ್ನೇ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದವಳು ಡಬ್ಲಿನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿ. ಅವಳಿರುವುದು ನೂರಾರು ವರ್ಷದ ಹಳೆಯ ಮನೆ. ಬೀದಿಯ ಹೆಸರು ಹಿಡಿದು 1911ರ ಹಾಳೆಯನ್ನು ತೆಗೆದು ನೋಡಿದಳು. ಯಜಮಾನಿ ಐವತ್ತೆಂಟು ವರ್ಷದ ವಿಧವೆ, ಬಟ್ಟೆ ಒಗೆಯುವ ಕಸುಬು. ಗೆರೆಯ ಅಡಿಯಲ್ಲಿ ಎರಡು ಅಂಕಿಗಳು: ಎಂಟು, ಮೂರು. ‘ಮೇಷ್ಟ್ರೆ, ನಾನು ದಿನಾ ಅಡಿಗೆ ಮಾಡುವ ಮನೆಯಲ್ಲಿ ಈ ತಾಯಿ ಇದ್ದಳು. ಆ ಐದು ಮಕ್ಕಳ ಹೆಸರಾದರೂ ತಿಳಿಯಬೇಡವೆ?’ ಎಂದು ಬರೆದಳು. ನಿನಗೂ ಅವಳಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ.

ಸರ್ಕಾರದ ಮರಣದ ಪುಸ್ತಕದಲ್ಲಿ ಮೂವರು ಸಿಕ್ಕಿದರು. ಒಂದು ಮಗುವಿಗೆ ನಾಯಿಕೆಮ್ಮು, ಒಂದಕ್ಕೆ ದಡಾರ, ಮತ್ತೊಂದಕ್ಕೆ ಸೆಳವು. ಕಸುಬಿನ ಕಲಮಿನಲ್ಲಿ ‘ಕೂಲಿಯವನ ಮಗು’ ಎಂದಿದೆ. ಸಾಯುವಾಗ ಬಳಿಯಲ್ಲಿದ್ದವರು ಯಾರು ಎಂಬಲ್ಲಿ ಮೂರು ಸಲವೂ ತಾಯಿಯ ಹೆಸರು, ಪಕ್ಕದಲ್ಲಿ ಅವಳು ಹಾಕಿದ ಕತ್ತರಿ ಗುರುತು. ನಾಲ್ಕನೆಯದು ಚೊಚ್ಚಲು, ನಗರಕ್ಕೆ ಬರುವ ಮೊದಲು ತಾಯಿಯ ತೌರಿನ ಪ್ಯಾರಿಷಿನಲ್ಲಿ ಜ್ಞಾನಸ್ನಾನವಾದ ಹೆಣ್ಣುಮಗು. ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ಐದನೆಯದು ಇನ್ನೂ ಸಿಕ್ಕಿಲ್ಲ. ನಡುವೆ ಒಂದೆರಡು ವರ್ಷ ಆ ಸಂಸಾರ ನದಿಯ ಆಚೆ ದಡದಲ್ಲಿ ಬಾಡಿಗೆಗಿದ್ದಂತೆ ತೋರುತ್ತದೆಯಂತೆ. ಅಲ್ಲಿಯ ಪ್ಯಾರಿಷಿನ ಪುಸ್ತಕವನ್ನು ಈಗ ಪುಟ ಪುಟವಾಗಿ ನೋಡುತ್ತಿದ್ದಾಳೆ.