ವಿಕಿರಣ ಎಷ್ಟು ತಗುಲಿತು? ರಕ್ತ ಹೇಳುತ್ತದೆ



ಎಕ್ಸ್‌-ರೇ ಕೋಣೆಯ ಮುಂದೆ ಕುಳಿತವರು ನಮ್ಮನ್ನು ಪದೇ ಪದೇ ಕೇಳುವ ಮಾತಿದು: “ಸಿಸ್ಟರ್, ಈ ಕಿರಣ ಮೈಯಲ್ಲೇ ಉಳಿಯುತ್ತದೆಯೇ? ಎಷ್ಟು ತಗುಲಿತು ಎಂದು ರಕ್ತ ನೋಡಿ ಹೇಳಬಹುದೇ?” ಮೊದಲನೆಯದಕ್ಕೆ ಉತ್ತರ, ಇಲ್ಲ. ಯಂತ್ರ ನಿಂತೊಡನೆ ಕಿರಣವೂ ನಿಲ್ಲುತ್ತದೆ. ಎರಡನೆಯದು ಬಹಳ ಒಳ್ಳೆಯ ಪ್ರಶ್ನೆ. ಇಂದು ಅದನ್ನೇ ತಿಳಿದುಕೊಳ್ಳೋಣ.

1987ರ ಸೆಪ್ಟೆಂಬರ್ ತಿಂಗಳು. ಬ್ರೆಜಿಲ್ ದೇಶದ ಗೋಯಾನಿಯಾ ನಗರದಲ್ಲಿ ಪಾಳುಬಿದ್ದ ಚಿಕಿತ್ಸಾಲಯವೊಂದರಿಂದ ಇಬ್ಬರು ಯಂತ್ರದ ಭಾಗವನ್ನು ಕಿತ್ತು ಗುಜರಿಗೆ ಮಾರಿದರು. ಅದರೊಳಗೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಸೀಸಿಯಂ-137 ಪುಡಿ ಇತ್ತು. ಚೆಂದವಾಗಿದೆಯೆಂದು ನೆಂಟರಿಷ್ಟರು ಹಂಚಿಕೊಂಡರು. ವಾಂತಿ, ಭೇದಿ ಶುರುವಾಯಿತು. ನಿಜವಾದ ಕಾರಣ ತಿಳಿಯಲು ಎರಡು ವಾರ ಹಿಡಿಯಿತು. ಆಮೇಲೆ ಭಯದಿಂದ ಬಂದವರು ಸೇರಿ 1,12,000ಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಲಾಯಿತು. ಪುಡಿಯ ಸೋಂಕು ಕಂಡದ್ದು 249 ಜನರಲ್ಲಿ. ನಾಲ್ವರು ತೀರಿಕೊಂಡರು.

ನಮ್ಮ ದೇಶದಲ್ಲೂ ಇಂಥದು ನಡೆದಿದೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಉಪಕರಣವನ್ನು ಬಿಚ್ಚಿ ಹಲವರು ಅಸ್ವಸ್ಥರಾದರು. ಒಬ್ಬರು ಮೃತಪಟ್ಟರು.

ಇಂಥ ಹೊತ್ತಿನಲ್ಲಿ ವೈದ್ಯರಿಗೆ ಕಷ್ಟ ಎಲ್ಲಿ ಗೊತ್ತೇ? ಪುಡಿ ಅಂಟಿದ್ದರೆ ಉಪಕರಣ ಹಿಡಿದು ಪತ್ತೆ ಮಾಡಬಹುದು. ಹೊರಗಿನಿಂದ ಕಿರಣ ಮಾತ್ರ ಹಾದುಹೋಗಿದ್ದರೆ ಮೈಮೇಲೆ ಏನೂ ಸಿಗುವುದಿಲ್ಲ. ವಾಂತಿ ವಿಕಿರಣದಿಂದಲೂ ಬರುತ್ತದೆ, ಬರೀ ಹೆದರಿಕೆಯಿಂದಲೂ ಬರುತ್ತದೆ. ಹೆಚ್ಚು ವಿಕಿರಣ ತಗುಲಿದವರು ವಾಂತಿ ನಿಂತ ಮೇಲೆ ಕೆಲವು ದಿನ ಚೆನ್ನಾಗಿಯೇ ಕಾಣುತ್ತಾರೆ. ಅಷ್ಟರಲ್ಲಿ ಒಳಗೆ ಮೂಳೆಯ ಮಜ್ಜೆ ಸೊರಗುತ್ತಿರುತ್ತದೆ. ಯಾರನ್ನು ದಾಖಲು ಮಾಡಬೇಕು, ಯಾರಿಗೆ ಧೈರ್ಯ ಹೇಳಿ ಮನೆಗೆ ಕಳುಹಿಸಬೇಕು ಎಂಬುದಕ್ಕೆ ರಕ್ತವೇ ಸಾಕ್ಷಿ.

ಮೊದಲನೆಯದು, ಬಿಳಿ ರಕ್ತಕಣಗಳ ಪೈಕಿ ಲಿಂಫೋಸೈಟ್ ಎಂಬುವನ್ನು ಮತ್ತೆ ಮತ್ತೆ ಎಣಿಸುವುದು. ಅವು ಬೇಗ ಇಳಿದಷ್ಟೂ ಅಪಾಯ ಹೆಚ್ಚು. ಎರಡನೆಯದು, ತುಂಡಾಗಿ ತಪ್ಪಾಗಿ ಜೋಡಿಕೊಂಡ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಇದು ನಂಬಿಕೆಯ ವಿಧಾನ, ಗೋಯಾನಿಯಾದಲ್ಲೂ ಬಳಸಿದರು. ಆದರೆ ರಕ್ತಕಣಗಳನ್ನು ಸುಮಾರು ಎರಡು ದಿನ ಬೆಳೆಸಿದ ನಂತರವೇ ಎಣಿಕೆ.

ಮೂರನೆಯದು ಹೊಸದು: ಜೀನ್‌ಗಳ ಚಟುವಟಿಕೆ ನೋಡುವುದು. ಜೀವಕೋಶದಲ್ಲಿ ಸಾವಿರಾರು ಜೀನ್‌ಗಳಿವೆ. ಮನೆಯ ದೀಪಗಳಂತೆ ಅವು ಬೇಕಾದಾಗ ಹತ್ತುತ್ತವೆ, ಬೇಡವಾದಾಗ ಆರುತ್ತವೆ. ವಿಕಿರಣದಿಂದ ಡಿಎನ್‌ಎಗೆ ಪೆಟ್ಟಾದಾಗ ಪಿ53 ಎಂಬ ಪ್ರೋಟೀನು ಕಾವಲುಗಾರನಂತೆ ಎಚ್ಚೆತ್ತು ಎಫ್‌ಡಿಎಕ್ಸ್‌ಆರ್, ಡಿಡಿಬಿ2 ಮುಂತಾದ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಚುರುಕಾದ ಜೀನ್ ಆರ್‌ಎನ್‌ಎ ಎಂಬ ಸಂದೇಶದ ಚೀಟಿಗಳನ್ನು ಹೆಚ್ಚು ಬರೆಯುತ್ತದೆ. ಒಂದು ಮಿತಿಯವರೆಗೆ, ವಿಕಿರಣ ಹೆಚ್ಚಿದಂತೆ ಚೀಟಿಗಳೂ ಹೆಚ್ಚುತ್ತವೆ. ಇದಕ್ಕೆ ಸ್ವಲ್ಪ ರಕ್ತ ಸಾಕು. ಕಣಗಳನ್ನು ಬೆಳೆಸುವ ಅಗತ್ಯವಿಲ್ಲ. ಕೆಲವೇ ಗಂಟೆಗಳಲ್ಲಿ ಫಲಿತಾಂಶ ಪಡೆಯಬಹುದು. ಕ್ಯಾನ್ಸರಿಗಾಗಿ ವಿಕಿರಣ ಚಿಕಿತ್ಸೆ ಪಡೆದವರ ರಕ್ತದಲ್ಲೂ ಈ ಬದಲಾವಣೆ ಕಂಡಿದೆ.

ಇದಕ್ಕೂ ಮಿತಿಗಳಿವೆ. ಚೀಟಿಗಳು ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ತಡವಾದರೆ ಲೆಕ್ಕ ತಪ್ಪುತ್ತದೆ. ಸೋಂಕು, ಉರಿಯೂತ ಇದ್ದರೂ ಕೆಲವು ಜೀನ್‌ಗಳು ಬದಲಾಗುತ್ತವೆ. ಆದ್ದರಿಂದ ಒಂದೇ ಜೀನ್ ನಂಬದೆ ಹಲವನ್ನು ಒಟ್ಟಿಗೆ ನೋಡುತ್ತಾರೆ. ಇದು ನಮ್ಮಂಥ ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಯಲ್ಲ. ದೊಡ್ಡ ಅವಘಡಗಳಿಗಾಗಿ ರೂಪುಗೊಂಡದ್ದು.

ಹಾಗಾದರೆ ಎದೆಯ ಎಕ್ಸ್‌-ರೇ ತೆಗೆಸಿಕೊಂಡ ನಿಮಗೆ ಇದು ಬೇಕೇ? ಖಂಡಿತ ಬೇಡ. ವಿಕಿರಣ ಕಾಯಿಲೆ ಬರಲು ಇಡೀ ಮೈಗೆ ಒಮ್ಮೆಲೇ ಸುಮಾರು 1 ಗ್ರೇ ತಗುಲಬೇಕು. ಎದೆಯ ಒಂದು ಎಕ್ಸ್‌-ರೇಯಲ್ಲಿ ಸಿಗುವುದು ಸುಮಾರು ಅದರ ಹತ್ತು ಸಾವಿರದಲ್ಲೊಂದು ಪಾಲು. ಆದರೆ ಗರ್ಭಿಣಿಯರು ಮೊದಲೇ ನಮಗೆ ತಿಳಿಸಬೇಕು.

ತಾವು ನೆನಪಿಡಬೇಕಾದ್ದು:

• ಹಳದಿ ಹಿನ್ನೆಲೆಯಲ್ಲಿ ಫ್ಯಾನಿನಂತೆ ಮೂರು ರೆಕ್ಕೆಯ ಗುರುತಿರುವ ವಸ್ತು ಗುಜರಿಯಲ್ಲಿ ಕಂಡರೆ ಮುಟ್ಟಬೇಡಿ, ಬಿಚ್ಚಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ.

• ಮುಟ್ಟಿದ ಮೇಲೆ ವಾಂತಿಯಾದರೆ ಯಾವ ದಿನ, ಎಷ್ಟು ಗಂಟೆಗೆ ಮುಟ್ಟಿದಿರಿ, ಎಷ್ಟು ಹೊತ್ತಿಗೆ ವಾಂತಿಯಾಯಿತು ಎಂದು ವೈದ್ಯರಿಗೆ ಹೇಳಿ.

• ಬೈಗುಳಕ್ಕೆ ಹೆದರಿ ವಿಷಯ ಮುಚ್ಚಿಡಬೇಡಿ.

ರಕ್ತ ನಿಜ ಹೇಳುತ್ತದೆ, ಆದರೆ ಸಕಾಲದಲ್ಲಿ ಕೇಳಿದರೆ ಮಾತ್ರ. ಬೇಗ ಬನ್ನಿ, ಎಲ್ಲವನ್ನೂ ಹೇಳಿ. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.